ತೊಂಬತ್ತು ಅಡಿಯ ಲೆಕ್ಕ

2015ರ ನವೆಂಬರ್ 1ರ ರಾತ್ರಿ, ನ್ಯೂಯಾರ್ಕ್‌ನ ಸಿಟಿ ಫೀಲ್ಡ್. ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಒಂಬತ್ತನೇ ಇನಿಂಗ್ಸ್. ಮೆಟ್ಸ್ 2, ಕಾನ್ಸಾಸ್ ಸಿಟಿ ರಾಯಲ್ಸ್ 1. ರಾಯಲ್ಸ್‌ನ ಎರಿಕ್ ಹಾಸ್ಮರ್ ಮೂರನೇ ಬೇಸ್‌ನಲ್ಲಿ ನಿಂತಿದ್ದಾರೆ, ಒಬ್ಬರು ಔಟಾಗಿದ್ದಾರೆ. ಸಾಲ್ವಡೋರ್ ಪೆರೆಜ್ ಹೊಡೆದ ಚೆಂಡು ನೆಲದಲ್ಲಿ ಉರುಳಿಕೊಂಡು ಎಡಗಡೆ ಕಾಯುತ್ತಿದ್ದ ಡೇವಿಡ್ ರೈಟ್ ಕೈಗೆ ಸಿಕ್ಕಿತು. ರೈಟ್ ಒಮ್ಮೆ ಹಾಸ್ಮರ್ ಕಡೆ ಕಣ್ಣು ಹಾಯಿಸಿ, ಇವರೆಲ್ಲಿ ಓಡುತ್ತಾರೆ ಎಂದುಕೊಂಡು, ಮೊದಲನೇ ಬೇಸ್‌ಗೆ ಎಸೆದರು. ಚೆಂಡು ಕೈ ಬಿಟ್ಟದ್ದೇ ತಡ, ಹಾಸ್ಮರ್ ಹೋಮ್ ಪ್ಲೇಟ್‌ನತ್ತ ಓಟ ಕಿತ್ತರು. ತೊಂಬತ್ತು ಅಡಿ. ಮೊದಲನೇ ಬೇಸ್‌ನಲ್ಲಿದ್ದ ಲೂಕಸ್ ಡೂಡಾ ಪೆರೆಜ್‌ರನ್ನು ಔಟ್ ಮಾಡಿ, ತಿರುಗಿ ಕ್ಯಾಚರ್‌ಗೆ ಎಸೆದರು. ಎಸೆತ ನೆಟ್ಟಗೆ ಬಂದಿದ್ದರೆ ಹಾಸ್ಮರ್ ಔಟ್, ಪಂದ್ಯವೂ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ, ಕ್ಯಾಚರ್‌ನ ಕೈಗೆ ಎಟುಕದೆ ಅತ್ತ ಹಾದು ಹೋಯಿತು. 2-2. ಹನ್ನೆರಡನೇ ಇನಿಂಗ್ಸ್‌ನಲ್ಲಿ ರಾಯಲ್ಸ್ ಐದು ರನ್ ಗಳಿಸಿ 7-2ರಿಂದ ಗೆದ್ದು, 1985ರ ನಂತರ ಮೊದಲ ಸಲ ಪಟ್ಟಕ್ಕೇರಿತು.

ನೋಡಿದವರಿಗೆ ಅದು ಹುಚ್ಚು ಧೈರ್ಯದಂತೆ ಕಂಡಿತು. ಆದರೆ ರಾಯಲ್ಸ್‌ನ ಸ್ಕೌಟ್‌ಗಳು ಸರಣಿಗೆ ಮುಂಚೆಯೇ ಮೆಟ್ಸ್ ಆಟಗಾರರ ಎಸೆತಗಳನ್ನು ತೂಗಿ ನೋಡಿದ್ದರು. ಡೂಡಾರ ಎಸೆತ ನೆಚ್ಚುವಂಥದ್ದಲ್ಲ. ಬೆನ್ನುಹುರಿಯ ತೊಂದರೆಯಿಂದ ಬಳಲುತ್ತಿದ್ದ ರೈಟ್ ತೋಳಿನಲ್ಲಿ ಹಳೆಯ ಬಲವಿಲ್ಲ. ಅವರು ಅವಸರದಲ್ಲಿ ಎಸೆಯುವ ಹಾಗೆ ಮಾಡಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಲೆಕ್ಕಾಚಾರ. ಹಾಸ್ಮರ್ ಓಡಿದ್ದು ಆ ಲೆಕ್ಕವನ್ನು ನಂಬಿ.

ಪ್ಲೇಆಫ್ ಸರಣಿಗೆ ಮುನ್ನ ಎದುರಾಳಿಯನ್ನು ಅಳೆಯುವುದು ಎಂದರೆ ಇಂಥ ಕೆಲಸ. ಆರು ತಿಂಗಳ ಗೆಲುವು-ಸೋಲಿನ ಪಟ್ಟಿ ಅದಕ್ಕೆ ಹೆಚ್ಚು ನೆರವಾಗುವುದಿಲ್ಲ. ಈ ವಾರ ಅಂಗಳಕ್ಕಿಳಿಯುವವರು ಯಾರು, ಅವರ ಕೈಕಾಲಿನ ಅಭ್ಯಾಸಗಳೇನು, ಅಷ್ಟೇ ಪ್ರಶ್ನೆ. ಇದಕ್ಕೆ ತಂಡದ ಸ್ಕೌಟ್ ಆಗಬೇಕಿಲ್ಲ. ವರ್ಲ್ಡ್ ಸೀರೀಸ್ ಪಂದ್ಯ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ ಎಂಟಾದ ಮೇಲೆ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಆಗ ಬೆಳಗಿನ ಐದೂವರೆ, ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಹೊತ್ತು. ಆ ಹೊತ್ತಿಗೆ ಎದ್ದು ಕೂರುವವರಿಗೂ, ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇದ್ದುಕೊಂಡು ಮಗಳ ಜತೆ ಮೈದಾನಕ್ಕೇ ಹೋಗುವವರಿಗೂ ಒಂದು ಹಾಳೆ, ಒಂದು ಪೆನ್ನು, ಮೂರು ಸಂಜೆಯ ಬಿಡುವು ಇದ್ದರೆ ಸಾಕು.

ಮೊದಲು ಕ್ಯಾಲೆಂಡರ್

ಹಾಳೆಯ ತಲೆಯ ಮೇಲೆ ದಿನಾಂಕಗಳನ್ನು ಬರೆಯಿರಿ, ಆಟಗಾರರ ಹೆಸರು ಆಮೇಲೆ. 2022ರಿಂದ 12 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಮೊದಲ ಸುತ್ತು ಮೂರು ಪಂದ್ಯಗಳದ್ದು, ಮೂರೂ ಮೇಲಿನ ಶ್ರೇಯಾಂಕದವರ ಅಂಗಳದಲ್ಲೇ. ಎರಡನೆಯದು ಐದರದ್ದು, ಕೊನೆಯ ಎರಡು ಸುತ್ತು ಏಳೇಳು ಪಂದ್ಯಗಳದ್ದು. ಊರು ಬದಲಾದಾಗ ನಡುವೆ ಬಿಡುವಿನ ದಿನ ಬರುತ್ತದೆ. ಈ ಬಿಡುವೇ ಆಟದ ಸ್ವರೂಪವನ್ನು ಬದಲಿಸುತ್ತದೆ.

ಕಾರಣ ಪಿಚರ್. 162 ಪಂದ್ಯಗಳ ಋತುವಿನಲ್ಲಿ ಹೆಚ್ಚುಕಡಿಮೆ ದಿನಾ ಆಟ, ಹಾಗಾಗಿ ಪಂದ್ಯ ಆರಂಭಿಸುವ ಪಿಚರ್‌ಗಳು, ಅಂದರೆ ಸ್ಟಾರ್ಟರ್‌ಗಳು, ಐದು ಜನ ಸರದಿಯಲ್ಲಿ ಬರಬೇಕು. ಪ್ಲೇಆಫ್‌ನಲ್ಲಿ ಬಿಡುವು ಸಿಗುವುದರಿಂದ ಮೂವರು ಅಥವಾ ನಾಲ್ವರಲ್ಲಿ ಕೆಲಸ ಮುಗಿಯುತ್ತದೆ. ಐದನೆಯವರಾಗಿ ವರ್ಷವಿಡೀ ದುಡಿದ ಪಿಚರ್ ಬೆಂಚಿಗೆ ಹೋಗುತ್ತಾರೆ, ಅತ್ಯುತ್ತಮರಾದವರು ಒಂದೇ ಸರಣಿಯಲ್ಲಿ ಎರಡು ಸಲ ಎದುರಾಗುತ್ತಾರೆ. ಆದ್ದರಿಂದ ತಂಡದ ಒಟ್ಟು ಪಿಚಿಂಗ್ ಸರಾಸರಿ ನೋಡಿ ಭಯಪಡುವುದೂ ಬೇಡ, ಬೀಗುವುದೂ ಬೇಡ. ದಿನಾಂಕದ ಪಕ್ಕ ಆ ದಿನ ಬರಬಹುದಾದ ಸ್ಟಾರ್ಟರ್ ಹೆಸರು ಬರೆಯಿರಿ. ಮೂರನೇ ದಿನದ ಹೆಸರು ಬರೆಯುವಾಗ ಕೈ ತಡವರಿಸಿದರೆ ಎದುರಾಳಿಯ ಮೊದಲ ಬಿರುಕು ಸಿಕ್ಕಿತು ಎಂದೇ ಅರ್ಥ.

2023ರ ಲಾಸ್ ಏಂಜಲಿಸ್ ಡಾಜರ್ಸ್ ನೋಡಿ. ಋತುವಿನಲ್ಲಿ 100 ಗೆಲುವು. ಎದುರಿಗೆ ಬಂದ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಗೆದ್ದದ್ದು ಬರೀ 84. ಫಲಿತಾಂಶ 3-0, ಅರಿಜೋನಾ ಪರ. ಗೆಲುವಿನ ಪಟ್ಟಿ ಹಿಡಿದು ಕೂತವರಿಗೆ ಇದು ಪವಾಡ. ಕ್ಯಾಲೆಂಡರ್ ಹಿಡಿದವರಿಗೆ ಅಷ್ಟೇನೂ ಅಲ್ಲ, ಏಕೆಂದರೆ ಡಾಜರ್ಸ್‌ನ ಸ್ಟಾರ್ಟರ್‌ಗಳಲ್ಲಿ ಹಲವರು ಗಾಯಾಳುಗಳಾಗಿ ಹೊರಗಿದ್ದರು. ಮೊದಲ ದಿನ ಕ್ಲೇಟನ್ ಕರ್ಶಾ ಒಬ್ಬರನ್ನಷ್ಟೇ ಔಟ್ ಮಾಡುವಷ್ಟರಲ್ಲಿ ಆರು ರನ್ ಹೋಯಿತು. ಮೂರನೇ ಪಂದ್ಯಕ್ಕೆ ಬಂದವರು ಲ್ಯಾನ್ಸ್ ಲಿನ್, ಆ ಋತುವಿನಲ್ಲಿ ಇಡೀ ಮೇಜರ್ ಲೀಗ್‌ನಲ್ಲೇ ಅತಿ ಹೆಚ್ಚು, 44 ಹೋಮ್ ರನ್ ಬಿಟ್ಟುಕೊಟ್ಟಿದ್ದ ಪಿಚರ್. ಅರಿಜೋನಾದವರು ಅವರಿಗೆ ಒಂದೇ ಇನಿಂಗ್ಸ್‌ನಲ್ಲಿ ನಾಲ್ಕು ಹೋಮ್ ರನ್ ಹೊಡೆದರು. ಆ 44 ಎಂಬ ಅಂಕಿ ಯಾರ ಕಪಾಟಿನಲ್ಲೂ ಬೀಗ ಹಾಕಿಟ್ಟಿರಲಿಲ್ಲ. ಬೇಸ್‌ಬಾಲ್ ರೆಫರೆನ್ಸ್ ತಾಣ ತೆರೆದ ಯಾರಿಗೂ ಕಾಣುತ್ತಿತ್ತು.

ಯಾವ ತಂಡ, ಯಾವ ತಿಂಗಳ ತಂಡ

ನಾನೇ ಒಂದು ಸಲ ಮೂರ್ಖನಾದ ಕತೆ ಇಲ್ಲಿ ಹೇಳಿಬಿಡುತ್ತೇನೆ. ಅದೇ 2015ರಲ್ಲಿ, ವರ್ಲ್ಡ್ ಸೀರೀಸ್‌ಗೆ ಮುಂಚಿನ ಸುತ್ತಿನಲ್ಲಿ ಮೆಟ್ಸ್‌ಗೆ ಎದುರಾದದ್ದು ಶಿಕಾಗೋ ಕಬ್ಸ್. ಋತುವಿನಲ್ಲಿ ಇಬ್ಬರೂ ಏಳು ಸಲ ಆಡಿದ್ದರು, ಏಳಕ್ಕೆ ಏಳೂ ಕಬ್ಸ್ ಗೆದ್ದಿತ್ತು. ಇನ್ನೇನು ಬೇಕು? ಗೆಳೆಯರ ಮುಂದೆ ಮಸಾಲೆದೋಸೆಯ ಪಣ ಕಟ್ಟಿದೆ. ಮೆಟ್ಸ್ 4-0ಯಿಂದ ಕಬ್ಸ್ ಅನ್ನು ಗುಡಿಸಿ ಹಾಕಿತು. ನಾಲ್ಕು ಜನರ ದೋಸೆಯ ಬಿಲ್ಲು ಕೊಟ್ಟು ಬಂದ ಮೇಲೆ ದಿನಾಂಕ ನೋಡಿದೆ: ಆ ಏಳೂ ಪಂದ್ಯ ಮೇ ತಿಂಗಳಿನಿಂದ ಜುಲೈ ಮೊದಲ ವಾರದೊಳಗೆ ಮುಗಿದಿದ್ದವು. ಮೆಟ್ಸ್ ಯೋನಿಸ್ ಸೆಸ್ಪೆಡೆಸ್‌ರನ್ನು ಕೊಂಡದ್ದು ಜುಲೈ 31ಕ್ಕೆ. ಅವರು ಬಂದು 57 ಪಂದ್ಯಗಳಲ್ಲಿ 17 ಹೋಮ್ ರನ್ ಹೊಡೆದರು. ನಾನು ಅಳೆದದ್ದು ಬೇರೊಂದು ತಂಡವನ್ನು.

ಆವತ್ತಿನಿಂದ ಒಂದು ಅಭ್ಯಾಸ. ಜುಲೈ ಕೊನೆಯ ವ್ಯಾಪಾರದ ಗಡುವಿಗೆ ಮುಂಚಿನ ಪರಸ್ಪರ ಪಂದ್ಯಗಳನ್ನು ಹಾಳೆಗೆ ಹತ್ತಿಸುವುದೇ ಇಲ್ಲ. ಆಗಸ್ಟ್ ಮತ್ತು ಸೆಪ್ಟೆಂಬರ್ ಮಾತ್ರ. ಅದರಲ್ಲೂ ಸೆಪ್ಟೆಂಬರ್ ಕೊನೆಯ ವಾರದ ಬಗ್ಗೆ ಒಂದಿಷ್ಟು ಅನುಮಾನ ಇರಲಿ. ಸ್ಥಾನ ಖಚಿತವಾದ ತಂಡ ಆಗ ಮುಖ್ಯರನ್ನು ಕೂರಿಸಿ ಹೊಸಬರನ್ನು ಆಡಿಸುತ್ತದೆ.

ಪ್ರತಿ ಸರಣಿಗೂ ತಂಡ 26 ಜನರ ಪಟ್ಟಿಯನ್ನು ಹೊಸದಾಗಿ ಕೊಡಬೇಕು. ಆ ಪಟ್ಟಿ ಹೊರಬಿದ್ದ ಬೆಳಿಗ್ಗೆ ಅದನ್ನು ಓದುವುದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ. ಓಡುವುದಕ್ಕೆಂದೇ ಒಬ್ಬರನ್ನು ಸೇರಿಸಿದ್ದಾರೆಯೇ? ನಡುವೆ ಬರುವ ಎಡಗೈ ಪಿಚರ್, ಅಂದರೆ ರಿಲೀವರ್, ಒಬ್ಬರು ಹೆಚ್ಚಾದರೇ? ಗಾಯದಿಂದ ಮರಳಿದವರು ಯಾರು? ಈ ಕೊನೆಯ ಪ್ರಶ್ನೆಗೆ ಕೆಂಪು ಶಾಯಿ ಬಳಸಿ. 2024ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ಯಾಂಕೀಸ್ ಕರೆದದ್ದು ನೆಸ್ಟರ್ ಕೋರ್ಟೆಸ್‌ರನ್ನು. ಮೊಣಕೈ ನೋವಿನಿಂದ ಅವರು ಸೆಪ್ಟೆಂಬರ್ 18ರ ನಂತರ ಒಂದು ಪಂದ್ಯದಲ್ಲೂ ಚೆಂಡೆಸೆದಿರಲಿಲ್ಲ. ಬಂದು ಎಸೆದ ಎರಡನೇ ಚೆಂಡಿಗೆ ಡಾಜರ್ಸ್‌ನ ಫ್ರೆಡ್ಡಿ ಫ್ರೀಮನ್ ಬೇಸ್ ತುಂಬಿದ್ದಾಗ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು. ಗಾಯವಾಗಿದ್ದದ್ದು ಫ್ರೀಮನ್‌ರಿಗೂ ಹೌದು, ಅವರ ಕಣಕಾಲು ಉಳುಕಿತ್ತು. ಗಾಯದ ಸುದ್ದಿ ಓದಿ ಒಂದೇ ದಿಕ್ಕಿನಲ್ಲಿ ತೀರ್ಮಾನಕ್ಕೆ ಬರಬೇಡಿ ಎನ್ನುವುದಕ್ಕೂ ಇದೇ ಉದಾಹರಣೆ.

ಚೆಂಡು ಮತ್ತು ಬ್ಯಾಟು ಹೊಂದುತ್ತವೆಯೇ

ಇನ್ನು ಅಂಕಿಗಳು. ಅಲ್ಲಿ ನೂರೆಂಟು ಇವೆ. ಎರಡು ಹಿಡಿದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಸ್ಟ್ರೈಕ್‌ಔಟ್ ಎಷ್ಟು, ವಾಕ್ ಎಷ್ಟು. ಈಗಿನ ಮೇಜರ್ ಲೀಗ್‌ನಲ್ಲಿ ನೂರು ಬ್ಯಾಟಿಂಗ್ ಸರದಿಗಳಿಗೆ 22-23 ಸ್ಟ್ರೈಕ್‌ಔಟ್, ಎಂಟರ ಆಸುಪಾಸು ವಾಕ್. ಪಿಚರ್ ಆದರೆ ಮೊದಲನೆಯದು ಇದಕ್ಕಿಂತ ಹೆಚ್ಚು, ಎರಡನೆಯದು ಕಡಿಮೆ ಇರಬೇಕು, ಬ್ಯಾಟರ್‌ಗೆ ತದ್ವಿರುದ್ಧ. ಕೊಟ್ಟ ರನ್ನಿನ ಸರಾಸರಿಗಿಂತ ಇವೆರಡನ್ನು ನಾನು ಹೆಚ್ಚು ನಂಬುತ್ತೇನೆ, ಯಾಕೆಂದರೆ ಇವುಗಳಲ್ಲಿ ಫೀಲ್ಡರ್‌ಗಳ ಕೈಚಳಕವಾಗಲಿ ಅದೃಷ್ಟವಾಗಲಿ ಬೆರೆತಿರುವುದು ಕಡಿಮೆ.

ಅಂಕಿಗಿಂತ ಮುಖ್ಯವಾದದ್ದು ಜೋಡಿ. ನಮ್ಮವರ ಬ್ಯಾಟು ಅವರ ಚೆಂಡಿಗೆ ಹೇಗೆ ಹೊಂದುತ್ತದೆ? 2015ರ ಮೆಟ್ಸ್‌ನ ಹೆಮ್ಮೆ ಎಂದರೆ ಮ್ಯಾಟ್ ಹಾರ್ವೆ, ಜೇಕಬ್ ಡಿಗ್ರಾಮ್, ನೋವಾ ಸಿಂಡರ್‌ಗಾರ್ಡ್, ಮೂವರೂ ಬೆಂಕಿಯಂಥ ವೇಗಿಗಳು. ಕಬ್ಸ್‌ನ ಹುಡುಗರು ಅವರೆದುರು ಗಾಳಿಗೆ ಬ್ಯಾಟು ಬೀಸಿ ಸೋತರು. ರಾಯಲ್ಸ್ ಮಾತ್ರ ಆ ಋತುವಿನಲ್ಲಿ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಸ್ಟ್ರೈಕ್‌ಔಟ್ ಆದ ತಂಡ. ದೊಡ್ಡ ಹೊಡೆತದ ಆಸೆ ಅವರಿಗೆ ಅಷ್ಟಿಲ್ಲ. ಚೆಂಡಿಗೆ ಹೇಗಾದರೂ ಬ್ಯಾಟು ತಾಗಿಸುತ್ತಾರೆ, ಫೌಲ್ ಮಾಡಿ ಮಾಡಿ ಪಿಚರ್‌ನ ತಾಳ್ಮೆ ತಿನ್ನುತ್ತಾರೆ, ಚೆಂಡು ನೆಲಕ್ಕೆ ಬಿದ್ದರೆ ಓಡುತ್ತಾರೆ. ಮೆಟ್ಸ್‌ನ ಬಲ ಹಾಗೆಯೇ ಇತ್ತು. ಎದುರಿಗೆ ನಿಂತ ಬ್ಯಾಟು ಬೇರೆಯದಾಗಿತ್ತು. 4-1.

ಎಡಗೈ-ಬಲಗೈ ಲೆಕ್ಕ ಕ್ರಿಕೆಟ್ ನೋಡುವವರಿಗೆ ಹೊಸದಲ್ಲ. ಎಡಗೈ ಬ್ಯಾಟರ್ ಬಂದರೆ ನಾಯಕ ಆಫ್ ಸ್ಪಿನ್ನರ್‌ಗೆ ಚೆಂಡು ಕೊಡುತ್ತಾನಲ್ಲ, ಹಾಗೆ. ಬೇಸ್‌ಬಾಲ್‌ನಲ್ಲಿ ಎಡಗೈ ಬ್ಯಾಟರ್‌ಗೆ ಕಷ್ಟ ಕೊಡುವುದು ಸಾಮಾನ್ಯವಾಗಿ ಎಡಗೈ ಪಿಚರ್, ಬಲಗೈಗೆ ಬಲಗೈ. ಎದುರಾಳಿಯ ಬ್ಯಾಟಿಂಗ್ ಕ್ರಮದಲ್ಲಿ ಒಂದೇ ಕೈಯವರು ಮೂವರು ಸಾಲಾಗಿ ಬರುವ ಜಾಗಕ್ಕೆ ಗೆರೆ ಎಳೆಯಿರಿ. 2020ರಿಂದ ರಿಲೀವರ್ ಆಗಿ ಬಂದವರು ಇನಿಂಗ್ಸ್ ಮುಗಿಯದ ಹೊರತು ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಲೇಬೇಕು. ಒಬ್ಬರಿಗಾಗಿ ಒಬ್ಬ ಎಡಗೈ ಪಿಚರ್ ತಂದು ವಾಪಸು ಕಳಿಸುವ ಹಳೆಯ ಆಟ ಈಗ ನಡೆಯದು. ಆ ಗೆರೆ ಎಳೆದ ಜಾಗದಲ್ಲೇ ಏಳನೇ ಎಂಟನೇ ಇನಿಂಗ್ಸ್‌ನ ಹಣೆಬರಹ ಕೂತಿರುತ್ತದೆ.

ಅಂಗಳದ ಆಕಾರವನ್ನೂ ಒಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ಚಿನ್ನಸ್ವಾಮಿಯ ಬೌಂಡರಿ ಹತ್ತಿರ ಎಂದು ನಾವು ಆಡಿಕೊಳ್ಳುವ ಹಾಗೆ ಅಲ್ಲೂ ಉಂಟು. ಯಾಂಕಿ ಸ್ಟೇಡಿಯಂನ ಬಲ ಮೂಲೆ 314 ಅಡಿ ಮಾತ್ರ, ಎಡಗೈ ಹೊಡೆತಗಾರರ ಸ್ವರ್ಗ. ಬಾಸ್ಟನ್‌ನ ಫೆನ್ವೆಯಲ್ಲಿ ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ.

ಅಂಕಿಯಲ್ಲಿ ಸಿಗದದ್ದು

ಈಗ ನನಗೆ ಅತಿ ಇಷ್ಟವಾದ ಭಾಗ. ಎದುರಾಳಿಯ ಇತ್ತೀಚಿನ ಮೂರು ಪಂದ್ಯಗಳ ವಿಡಿಯೊ ಹಾಕಿಕೊಳ್ಳಿ, ಆದರೆ ಚೆಂಡನ್ನು ನೋಡಬೇಡಿ. ಚೆಂಡಿಲ್ಲದವರನ್ನು ನೋಡಿ.

ಟೊರಾಂಟೋದ ಹೋಸೆ ಬಟಿಸ್ಟಾ 2015ರ ಅಕ್ಟೋಬರ್ 23ರ ರಾತ್ರಿ ರಾಯಲ್ಸ್ ವಿರುದ್ಧ ಎರಡು ಹೋಮ್ ರನ್ ಹೊಡೆದಿದ್ದರು. ಎರಡನೆಯದು ಎಂಟನೇ ಇನಿಂಗ್ಸ್‌ನಲ್ಲಿ ಪಂದ್ಯವನ್ನು 3-3ಕ್ಕೆ ತಂದಿತ್ತು. ಅವರಿಗೊಂದು ಅಭ್ಯಾಸ. ಬಲ ಅಂಚಿನಲ್ಲಿ ಚೆಂಡು ಹಿಡಿದಾಗ, ಮೊದಲನೇ ಬೇಸ್‌ನಲ್ಲಿದ್ದವರು ಮೂರನೇ ಬೇಸ್‌ಗೆ ಓಡುತ್ತಿದ್ದರೂ, ಹೊಡೆದವರನ್ನು ತಡೆಯಲು ಎರಡನೇ ಬೇಸ್‌ಗೇ ಎಸೆಯುತ್ತಿದ್ದರು. ರಾಯಲ್ಸ್‌ನವರು ಅದನ್ನು ಬರೆದಿಟ್ಟುಕೊಂಡಿದ್ದರು. ಆಮೇಲೆ ಮಳೆಯಿಂದ ನಿಂತ ಆಟ ಮತ್ತೆ ಶುರುವಾಯಿತು. ಮೊದಲನೇ ಬೇಸ್‌ನಲ್ಲಿ ಲೊರೆಂಜೊ ಕೇನ್. ಹಾಸ್ಮರ್ ಬಲ ಅಂಚಿಗೆ ಹೊಡೆದರು, ಬಟಿಸ್ಟಾ ಹಿಡಿದರು, ಎರಡನೇ ಬೇಸ್‌ಗೆ ಎಸೆದರು. ಮೂರನೇ ಬೇಸ್‌ನ ಕೋಚ್ ಮೈಕ್ ಜರ್ಶೆಲಿ ಕೈ ಬೀಸುತ್ತಲೇ ಇದ್ದರು. ಕೇನ್ ನಿಲ್ಲದೆ 270 ಅಡಿ ಓಡಿ ಹೋಮ್ ಪ್ಲೇಟ್ ಮುಟ್ಟಿದರು. ಒಂದು ಸಿಂಗಲ್‌ಗೆ ಮೊದಲನೇ ಬೇಸ್‌ನಿಂದ ರನ್! ರಾಯಲ್ಸ್ 4-3ರಿಂದ ಗೆದ್ದು ವರ್ಲ್ಡ್ ಸೀರೀಸ್‌ಗೆ ಹೋಯಿತು. ಇದೇ ಜರ್ಶೆಲಿ ಹಿಂದಿನ ವರ್ಷ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಕೊನೆಯಲ್ಲಿ ಅಲೆಕ್ಸ್ ಗಾರ್ಡನ್‌ರನ್ನು ಮೂರನೇ ಬೇಸ್‌ನಲ್ಲೇ ತಡೆದು ನಿಲ್ಲಿಸಿ, ಚಳಿಗಾಲವಿಡೀ ಜನರ ಬಾಯಿಗೆ ಬಿದ್ದವರು. (ಅವತ್ತು ನಿಲ್ಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಚೆಂಡು ಆಗಲೇ ಅಂಗಳದೊಳಗೆ ಬಂದಾಗಿತ್ತು.)

ಇಂಥದ್ದು ಒಬ್ಬರಲ್ಲಿ ಮಾತ್ರವಲ್ಲ, ಇಡೀ ತಂಡದಲ್ಲೂ ಇರಬಹುದು. 2024ರ ಸರಣಿ ಮುಗಿದ ಮೇಲೆ ಡಾಜರ್ಸ್‌ನ ಅಂದಾಜು ಏನಿತ್ತು ಎಂಬುದು ಪತ್ರಿಕೆಗಳಲ್ಲಿ ಬಂತು: ಯಾಂಕೀಸ್‌ನಲ್ಲಿ ಪ್ರತಿಭೆಗೆ ಬರವಿಲ್ಲ, ಆಟದ ಮೂಲಪಾಠಗಳಲ್ಲಿ ಸಡಿಲ, ಜೋರಾಗಿ ಓಡಿ ಒತ್ತಡ ಹಾಕಿದರೆ ತಾವೇ ಎಡವುತ್ತಾರೆ. ಐದನೇ ಪಂದ್ಯದ ಐದನೇ ಇನಿಂಗ್ಸ್‌ನಲ್ಲಿ ಯಾಂಕೀಸ್ 5-0 ಮುಂದಿತ್ತು. ಏರನ್ ಜಡ್ಜ್ ಕೈಗೆ ಬಂದ ಚೆಂಡು ಚೆಲ್ಲಿದರು. ಆ್ಯಂಥನಿ ವೋಲ್ಪೆ ಮೂರನೇ ಬೇಸ್‌ಗೆ ಎಸೆದದ್ದು ಕೈಗೂಡಲಿಲ್ಲ. ಬೇಸ್ ತುಂಬಿತು. ಪಿಚರ್ ಗೆರಿಟ್ ಕೋಲ್ ಇಬ್ಬರನ್ನು ಸ್ಟ್ರೈಕ್‌ಔಟ್ ಮಾಡಿ ಇನ್ನೇನು ಪಾರಾದರು ಅನ್ನುವಾಗ ಮೂಕಿ ಬೆಟ್ಸ್ ಮೊದಲನೇ ಬೇಸ್ ಕಡೆ ಸಾಧಾರಣವಾಗಿ ಉರುಳಿಸಿದರು. ಆ್ಯಂಥನಿ ರಿಜೊ ಚೆಂಡು ಹಿಡಿದು ನೋಡುತ್ತಾರೆ, ಬೇಸ್‌ನಲ್ಲಿ ಯಾರೂ ಇಲ್ಲ. ಪಿಚರ್ ಓಡಿ ಬಂದು ನಿಲ್ಲಬೇಕಾದ ಜಾಗ ಅದು. ಕೋಲ್ ಬೆರಳು ತೋರಿಸುತ್ತ ನಿಂತಿದ್ದರು. ಬೆಟ್ಸ್ ಮಾತ್ರ ಜೀವ ಬಿಟ್ಟು ಓಡಿದ್ದರು. ಇನಿಂಗ್ಸ್ ಮುಗಿಯುವಷ್ಟರಲ್ಲಿ 5-5, ಪಂದ್ಯ ಮುಗಿದಾಗ 7-6, ಪಟ್ಟ ಡಾಜರ್ಸ್‌ಗೆ. ಗಮನಿಸಿ, ಕೋಲ್ ಓಡದೇ ಇದ್ದದ್ದು ಅಧಿಕೃತ ಲೆಕ್ಕದಲ್ಲಿ ಎರರ್, ಅಂದರೆ ತಪ್ಪು, ಎಂದು ಬರೆಯಲಿಲ್ಲ. ಬೆಟ್ಸ್ ಹೆಸರಿಗೆ ಒಂದು ಹಿಟ್ ಎಂದು ಬರೆದರು. ಎರರ್ ಪಟ್ಟಿಯನ್ನಷ್ಟೇ ನೋಡಿದವರಿಗೆ ಈ ರೋಗ ಗೊತ್ತಾಗುವುದೇ ಇಲ್ಲ.

ಹಾಗಾಗಿ ವಿಡಿಯೊದಲ್ಲಿ ಕಣ್ಣಿಡಬೇಕಾದದ್ದು ಇಂಥ ಕಡೆ: ಬಲಗಡೆಗೆ ಚೆಂಡು ಉರುಳಿದಾಗ ಪಿಚರ್ ಮೊದಲ ಹೆಜ್ಜೆ ಯಾವಾಗ ಇಡುತ್ತಾರೆ. ದೂರದ ಫೀಲ್ಡರ್ ನಡುವೆ ನಿಂತವರ ಎದೆಮಟ್ಟಕ್ಕೆ ಎಸೆಯುತ್ತಾರೋ, ತಲೆಯ ಮೇಲೆ ಹಾರಿಸುತ್ತಾರೋ. ಔಟ್ ಖಚಿತ ಎನಿಸಿದಾಗಲೂ ಹೊಡೆದವರು ಮೊದಲನೇ ಬೇಸ್ ತನಕ ಓಡುತ್ತಾರೋ, ಅರ್ಧದಲ್ಲೇ ತಿರುಗುತ್ತಾರೋ. ಬೇಸ್ ಕದಿಯುವವರ ಎದುರು ಕ್ಯಾಚರ್ ಎಷ್ಟು ಚುರುಕು. ಚೆಂಡು ಕ್ಯಾಚರ್ ಕೈ ಸೇರಿ ಎರಡನೇ ಬೇಸ್ ತಲುಪಲು ಎರಡು ಸೆಕೆಂಡು ಸಾಧಾರಣ, ಮೊಬೈಲಿನ ಗಡಿಯಾರದಲ್ಲೇ ಅಳೆಯಬಹುದು. 2023ರಲ್ಲಿ ಬೇಸ್‌ನ ಅಗಲ 15 ಅಂಗುಲದಿಂದ 18ಕ್ಕೆ ಏರಿ, ಓಟಗಾರರನ್ನು ತಡೆಯಲು ಪಿಚರ್ ಎಷ್ಟು ಸಲ ಅತ್ತ ಎಸೆಯಬಹುದು ಎಂಬುದಕ್ಕೂ ಮಿತಿ ಬಂತು. 2022ರಲ್ಲಿ 2,486 ಇದ್ದ ಬೇಸ್ ಕಳವು ಮರುವರ್ಷ 3,503 ಆಯಿತು. ಕ್ಯಾಚರ್‌ನ ತೋಳಿಗೆ ಈಗ ಮೊದಲಿಗಿಂತ ಬೆಲೆ ಹೆಚ್ಚು.

ಮ್ಯಾನೇಜರ್‌ಗಳಿಗೂ ಅಭ್ಯಾಸಗಳಿರುತ್ತವೆ. ಟ್ಯಾಂಪಾ ಬೇ ತಂಡದ ಕೆವಿನ್ ಕ್ಯಾಶ್ ತಮ್ಮ ಸ್ಟಾರ್ಟರ್‌ಗಳನ್ನು ಮೂರನೇ ಸುತ್ತಿನ ಬ್ಯಾಟರ್‌ಗಳಿಗೆ ಬಿಡುತ್ತಿದ್ದದ್ದು ಅಪರೂಪ. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಸ್ಟ್ರೈಕ್‌ಔಟ್ ಮಾಡಿ, ಎರಡೇ ಹಿಟ್ ಕೊಟ್ಟಿದ್ದರು. ಆದರೂ ಆರನೇ ಇನಿಂಗ್ಸ್‌ನಲ್ಲಿ ಕ್ಯಾಶ್ ಬಂದು ಚೆಂಡು ಇಸಿದುಕೊಂಡರು. ಮುಂದಿನ ಬ್ಯಾಟರ್ ಬೆಟ್ಸ್, ಅವತ್ತು ಸ್ನೆಲ್ ಎದುರು ಎರಡು ಸಲವೂ ಸ್ಟ್ರೈಕ್‌ಔಟ್ ಆದವರು, ಹೊಸ ಪಿಚರ್‌ಗೆ ಡಬಲ್ ಹೊಡೆದರು. ಡಾಜರ್ಸ್ 3-1ರಿಂದ ಗೆದ್ದು ಸರಣಿ ಮುಗಿಸಿತು. ಎದುರಾಳಿಯ ಮ್ಯಾನೇಜರ್ ಯಾವ ಗಳಿಗೆಯಲ್ಲಿ ಮೆಟ್ಟಿಲು ಹತ್ತುತ್ತಾರೆ ಎಂಬುದು ಗೊತ್ತಿದ್ದರೆ, ಆ ತನಕ ಚೆಂಡುಗಳನ್ನು ತಿನ್ನುತ್ತ ಕಾಯುವುದೂ ಒಂದು ತಂತ್ರ.

ಕೈಬಿಡಬೇಕಾದದ್ದು

ಟಿವಿಯವರು ತೋರಿಸುವ ಒಂದು ಅಂಕಿಯಿಂದ ದೂರ ಇರಿ: ಈ ಬ್ಯಾಟರ್ ಈ ಪಿಚರ್‌ಗೆ ಹತ್ತು ಸಲ ಎದುರಾಗಿ ಐದು ಹಿಟ್ ಹೊಡೆದಿದ್ದಾರೆ, ಇತ್ಯಾದಿ. ಹತ್ತು ಸಲ ಎನ್ನುವುದು ಏನೂ ಅಲ್ಲ. ಅದರಲ್ಲಿ ನಾಲ್ಕು ಐದು ವರ್ಷ ಹಿಂದಿನವು, ಎರಡು ಗಾಳಿಗೆ ತೇಲಿ ಬಿದ್ದವು. ಒಟ್ಟು ರನ್ನುಗಳ ಮೋಹವೂ ಬೇಡ. 1960ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ 55 ರನ್ ಗಳಿಸಿತ್ತು, ಪಿಟ್ಸ್‌ಬರ್ಗ್ ಪೈರೇಟ್ಸ್ 27. ಸರಣಿ ಪೈರೇಟ್ಸ್‌ನದು, 4-3.

ಇಷ್ಟೆಲ್ಲ ಬರೆದರೆ ಹಾಳೆ ತುಂಬಿ ಹೋಗುತ್ತದೆ. ಈಗ ಹೊಡೆದು ಹಾಕಲು ಕೂರಿ. ತಂಡಗಳ ಕಚೇರಿಯಲ್ಲಿ ಎದುರಾಳಿಯ ಬಗ್ಗೆ ದಪ್ಪ ಕಡತಗಳಿರುತ್ತವೆ, ಆದರೆ ಬ್ಯಾಟು ಹಿಡಿದು ನಿಂತವರ ತಲೆಯಲ್ಲಿ ಉಳಿಯುವುದು ಒಂದೇ ಸಾಲು. 1988ರಲ್ಲಿ ಡಾಜರ್ಸ್‌ನ ಸ್ಕೌಟ್ ಮೆಲ್ ಡಿಡಿಯೆ ಓಕ್ಲಂಡ್‌ನ ಡೆನಿಸ್ ಎಕರ್ಸ್ಲಿ ಬಗ್ಗೆ ತಮ್ಮ ಎಡಗೈ ಬ್ಯಾಟರ್‌ಗಳಿಗೆ ಅಂಥದೊಂದು ಸಾಲು ಹೇಳಿದ್ದರು: ಮೂರು ಬಾಲ್, ಎರಡು ಸ್ಟ್ರೈಕ್ ಆದಾಗ ಅವರು ಹೊರಗಿನಿಂದ ಒಳಗೆ ತಿರುಗುವ ಸ್ಲೈಡರ್ ಹಾಕುತ್ತಾರೆ. ಅಕ್ಟೋಬರ್ 15ರಂದು ಮೊದಲ ಪಂದ್ಯ, ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಡಾಜರ್ಸ್ ಒಂದು ರನ್ ಹಿಂದೆ. ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಕುಂಟುತ್ತ ಬಂದರು. ಲೆಕ್ಕ 3-2 ಆಯಿತು. ಗಿಬ್ಸನ್ ಕೈ ಎತ್ತಿ ಆಟ ನಿಲ್ಲಿಸಿ, ಆಚೆ ಸರಿದು, ಡಿಡಿಯೆ ಮಾತನ್ನು ನೆನೆದು ಮತ್ತೆ ಬಂದು ನಿಂತರು. ಸ್ಲೈಡರೇ ಬಂತು. ಚೆಂಡು ಬಲಗಡೆಯ ಜನರ ನಡುವೆ ಹೋಗಿ ಬಿತ್ತು. 5-4. ಆ ಇಡೀ ಸರಣಿಯಲ್ಲಿ ಗಿಬ್ಸನ್ ಬ್ಯಾಟು ಹಿಡಿದದ್ದು ಆ ಒಂದೇ ಸಲ.

ನಿಮ್ಮ ಹಾಳೆಯಲ್ಲೂ ಕೊನೆಗೆ ಐದಾರು ಸಾಲು ಉಳಿದರೆ ಬೇಕಾದಷ್ಟಾಯಿತು. ಮೂರನೇ ದಿನದ ಪಿಚರ್ ಯಾರು, ಒಂದೇ ಕೈಯ ಮೂವರು ಎಲ್ಲಿದ್ದಾರೆ, ಯಾರ ಎಸೆತ ದುರ್ಬಲ, ಮ್ಯಾನೇಜರ್ ಯಾವಾಗ ಬರುತ್ತಾರೆ, ಯಾರು ಕುಂಟುತ್ತಿದ್ದಾರೆ. ಅದನ್ನು ಮಡಚಿ ಕಾಫಿ ಲೋಟದ ಕೆಳಗಿಟ್ಟುಕೊಂಡು ಮೊದಲ ಪಂದ್ಯ ನೋಡಿ. ಪಂದ್ಯ ಮುಗಿದ ಮೇಲೆ ಒಂದೆರಡು ಸಾಲು ಹೊಡೆದು ಹಾಕಬೇಕಾಗುತ್ತದೆ, ಹೊಸದೊಂದು ಸೇರುತ್ತದೆ.

ಅತ್ತ ಕಡೆಯವರೂ ಹಾಳೆ ಹಿಡಿದೇ ಕೂತಿರುತ್ತಾರೆ ಎಂಬುದು ನೆನಪಿರಲಿ. ರಾಯಲ್ಸ್‌ನ ಮೊದಲ ಬ್ಯಾಟರ್ ಅಲ್ಸಿಡೆಸ್ ಎಸ್ಕೋಬಾರ್‌ಗೆ ಆಟದ ಮೊದಲ ಚೆಂಡಿಗೇ ಬೀಸುವ ಚಟ. 2015ರ ವರ್ಲ್ಡ್ ಸೀರೀಸ್‌ನಲ್ಲಿ ಹಾರ್ವೆ ಎಸೆದ ಮೊಟ್ಟಮೊದಲ ಚೆಂಡಿಗೆ ಬೀಸಿ, ಮೆಟ್ಸ್ ಫೀಲ್ಡರ್‌ಗಳು ನೀನೋ ನಾನೋ ಎನ್ನುವಷ್ಟರಲ್ಲಿ ನಾಲ್ಕೂ ಬೇಸ್ ಸುತ್ತಿ ಬಂದುಬಿಟ್ಟಿದ್ದರು. ಮೂರನೇ ಪಂದ್ಯ ನ್ಯೂಯಾರ್ಕ್‌ನಲ್ಲಿ, ಪಿಚರ್ ಸಿಂಡರ್‌ಗಾರ್ಡ್. ಎಸ್ಕೋಬಾರ್ ಎಂದಿನಂತೆ ಬಂದು, ಮುಂದೆ ಬಾಗಿ, ಮೊದಲ ಚೆಂಡಿಗೆ ಸಿದ್ಧರಾಗಿ ನಿಂತರು. ಗಂಟೆಗೆ 158 ಕಿಲೋಮೀಟರಿನ ಆಸುಪಾಸಿನ ಚೆಂಡು ಅವರ ತಲೆಯ ಎತ್ತರಕ್ಕೆ ಬಂತು. ಎಸ್ಕೋಬಾರ್ ಅಂಗಾತ ಮಣ್ಣಿನ ಮೇಲೆ ಬಿದ್ದರು. ರಾಯಲ್ಸ್‌ನ ಬೆಂಚಿನವರೆಲ್ಲ ಎದ್ದು ನಿಂತು ಕೂಗಾಡುತ್ತಿದ್ದರು. ಸಿಂಡರ್‌ಗಾರ್ಡ್ ಮುಂದಿನ ಚೆಂಡಿಗಾಗಿ ಕ್ಯಾಚರ್‌ನತ್ತ ನೋಡುತ್ತಿದ್ದರು. ಸರಣಿಯಲ್ಲಿ ಮೆಟ್ಸ್ ಗೆದ್ದದ್ದು ಆ ಒಂದೇ ಪಂದ್ಯ, 9-3.